ಬೀದಿಗೊಂದು ಗಾಳಿ, ಗಂಟೆಗೊಂದು ಗಾಳಿ



ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಮೇಷ್ಟ್ರೊಬ್ಬರ ನೆನಪಿಗೆ ಅವರ ಮಕ್ಕಳು ಇಟ್ಟ ದತ್ತಿಯ ಉಪನ್ಯಾಸ ಇದು. ಇಂಥ ವೇದಿಕೆಗೆ ಚಂದ್ರಯಾನ, ಕೃತಕ ಬುದ್ಧಿಮತ್ತೆಯಂಥ ವಿಷಯ ಒಪ್ಪುತ್ತದೆ, ಸಭೆಗೂ ಹಿತ. ನಾನು ಆರಿಸಿಕೊಂಡದ್ದು ಬೆಂಗಳೂರಿನ ಬೀದಿ ಗಾಳಿಯನ್ನು. ಆಹ್ವಾನ ಪತ್ರಿಕೆಯಲ್ಲಿ ‘ವಾಯುಮಾಲಿನ್ಯ: ಒಂದು ಅವಲೋಕನ’ ಎಂದು ಅಚ್ಚಾಗಿದೆ. ಅವಲೋಕನ ನನ್ನಿಂದಾಗದ ಕೆಲಸ. ಒಂದೇ ಒಂದು ಮಾತು ಹಿಡಿದು, ಅದನ್ನು ನಾಲ್ಕಾರು ಕಡೆಯಿಂದ ತೋರಿಸಿ ಕೂತುಬಿಡುತ್ತೇನೆ.

ನಗರದ ಗಾಳಿಗೆ ಒಂದು ಅಂಕಿ ಕೊಡುವುದು ನಮಗೆ ರೂಢಿಯಾಗಿದೆ. ಪತ್ರಿಕೆಯ ಮೂಲೆಯಲ್ಲಿ ತಾಪಮಾನದ ಪಕ್ಕ ಒಂದು ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ, ಅದಕ್ಕೊಂದು ಹಸಿರು ಅಥವಾ ಹಳದಿ ಬಣ್ಣ. ಆ ಅಂಕಿ ಸುಳ್ಳೇನಲ್ಲ. ಆದರೆ ಅದು ಸರಾಸರಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ರಾತ್ರಿ ಒಂಬತ್ತನ್ನೂ ಹೆಬ್ಬಾಳದ ಮಧ್ಯಾಹ್ನ ಮೂರನ್ನೂ ಕೂಡಿ ಭಾಗಿಸಿದಾಗ ಸಿಗುವ ಗಾಳಿಯನ್ನು ಊರಿನಲ್ಲಿ ಯಾರೂ ಉಸಿರಾಡುವುದಿಲ್ಲ. ಜಾಗದಿಂದ ಜಾಗಕ್ಕೆ, ಹೊತ್ತಿನಿಂದ ಹೊತ್ತಿಗೆ ಗಾಳಿಯಲ್ಲಾಗುವ ಏರುಪೇರನ್ನು ಲೆಕ್ಕದ ಕಿರಿಕಿರಿ ಎಂದು ಒರೆಸಿಹಾಕಿದರೆ, ಹೊಗೆ ಯಾರದು, ಕುಡಿಯುತ್ತಿರುವವರು ಯಾರು ಎಂದು ಹೇಳಬಲ್ಲ ಸಾಕ್ಷಿಯನ್ನೇ ಒರೆಸಿದ ಹಾಗೆ. ನನ್ನ ಮಾತು ಇಷ್ಟೇ.

ಇದೇನೂ ಹೊಸ ತಿಳಿವಳಿಕೆಯಲ್ಲ. 1661ರಲ್ಲಿ ಜಾನ್ ಎವೆಲಿನ್ ಎಂಬಾತ ಲಂಡನ್ನಿನ ಹೊಗೆಯ ಮೇಲೆ ‘ಫ್ಯೂಮಿಫ್ಯೂಜಿಯಂ’ ಎಂಬ ಕಿರುಹೊತ್ತಗೆ ಬರೆದು ದೊರೆ ಎರಡನೇ ಚಾರ್ಲ್ಸ್‌ಗೆ ಅರ್ಪಿಸಿದ. ಕಲ್ಲಿದ್ದಲು ಉರಿಸುವ ಸುಣ್ಣದ ಭಟ್ಟಿಯವರು, ಬೀರು ಕಾಯಿಸುವವರು, ಸಾಬೂನು ಕಾಯಿಸುವವರು ಊರಾಚೆ ಹೋಗಲಿ ಎಂಬುದು ಅವನ ಬೇಡಿಕೆ. ಅದಕ್ಕೆ ಅವನು ಕೊಟ್ಟ ಪುರಾವೆಗಳಲ್ಲಿ ಒಂದು ಸೊಗಸಾಗಿದೆ. ಅಂತರ್ಯುದ್ಧದ ಕಾಲದಲ್ಲಿ, 1644ರಲ್ಲಿ, ನ್ಯೂಕ್ಯಾಸಲ್ ಪಟ್ಟಣಕ್ಕೆ ಮುತ್ತಿಗೆ ಬಿದ್ದು ಲಂಡನ್ನಿಗೆ ಬರುವ ಕಲ್ಲಿದ್ದಲಿಗೆ ತತ್ವಾರವಾಯಿತು. ಆ ವರ್ಷ ನಗರದ ನಟ್ಟನಡುವಿನ ತೋಟಗಳಲ್ಲಿ ಹಿಂದೆ ಮುಂದೆ ಕಾಣದಷ್ಟು ಹಣ್ಣು ಬಿಟ್ಟಿತಂತೆ. ಯಂತ್ರವಿಲ್ಲ, ಸೂಚ್ಯಂಕವಿಲ್ಲ. ಹೊಗೆಯಿದ್ದ ವರ್ಷವನ್ನೂ ಇಲ್ಲದ ವರ್ಷವನ್ನೂ ಪಕ್ಕಪಕ್ಕ ಇಟ್ಟು ನೋಡಿದ, ಅಷ್ಟೆ. ದೊರೆ ಮೆಚ್ಚಿದ್ದಕ್ಕೂ ಕೆಲಸ ಆಗದ್ದಕ್ಕೂ ನಾವು ಆಶ್ಚರ್ಯಪಡಬೇಕಿಲ್ಲ.

ಮುನ್ನೂರು ಚಿಲ್ಲರೆ ವರ್ಷ ದಾಟಿ ಬನ್ನಿ. ಅಮೆರಿಕದ ಯೂಟಾ ಕಣಿವೆಯಲ್ಲಿ ಜಿನೀವಾ ಎಂಬ ಉಕ್ಕಿನ ಕಾರ್ಖಾನೆ. 1986ರ ಆಗಸ್ಟ್‌ನಲ್ಲಿ ಕಾರ್ಮಿಕ ಬಿಕ್ಕಟ್ಟಿನಿಂದ ಮುಚ್ಚಿತು, ಸುಮಾರು ಒಂದು ವರ್ಷದ ಮೇಲೆ ಮತ್ತೆ ತೆರೆಯಿತು. ಆರ್ಡನ್ ಪೋಪ್ ಎಂಬ ಅರ್ಥಶಾಸ್ತ್ರದ ಮೇಷ್ಟ್ರು ಆಸುಪಾಸಿನ ಆಸ್ಪತ್ರೆಗಳ ದಾಖಲೆ ತೆಗೆದು ನೋಡಿದರು. ಉಸಿರಾಟದ ಕಾಯಿಲೆಯಿಂದ ಆಸ್ಪತ್ರೆ ಸೇರಿದ ಮಕ್ಕಳ ಸಂಖ್ಯೆ, ಕಾರ್ಖಾನೆ ನಡೆದ ಚಳಿಗಾಲಗಳಲ್ಲಿ ಮುಚ್ಚಿದ್ದ ಚಳಿಗಾಲಕ್ಕಿಂತ ಎರಡು ಮೂರು ಪಟ್ಟು ಹೆಚ್ಚಿತ್ತು. 1989ರಲ್ಲಿ ಅದು ಪ್ರಕಟವಾಯಿತು. ಕಾರ್ಖಾನೆ ಸತತವಾಗಿ ನಡೆದಿದ್ದರೆ ಆ ಮಕ್ಕಳ ಕೆಮ್ಮು ಆ ಊರಿನ ಹವೆಯ ಗುಣ ಎಂದೇ ಉಳಿದುಹೋಗುತ್ತಿತ್ತು. ನಿಂತದ್ದರಿಂದ ಗೊತ್ತಾಯಿತು.

ಕಾಲದ ಏರುಪೇರು ಹೀಗೆ ಸಾಕ್ಷಿ ಹೇಳಿದರೆ, ಜಾಗದ ಏರುಪೇರು ಇನ್ನೂ ಗಟ್ಟಿಯಾಗಿ ಹೇಳಿತು. ಹಾರ್ವರ್ಡ್‌ನ ಸಂಶೋಧಕರು ಅಮೆರಿಕದ ಆರು ಪಟ್ಟಣಗಳ ಎಂಟು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಹದಿನಾಲ್ಕರಿಂದ ಹದಿನಾರು ವರ್ಷ ಹಿಂಬಾಲಿಸಿ 1993ರಲ್ಲಿ ಲೆಕ್ಕ ಒಪ್ಪಿಸಿದರು. ಬೀಡಿ ಸಿಗರೇಟು, ವಯಸ್ಸು ಮುಂತಾದವನ್ನು ಕಳೆದ ಮೇಲೂ, ಅತಿ ಕೊಳಕು ಗಾಳಿಯ ಸ್ಟೂಬೆನ್‌ವಿಲ್‌ನಲ್ಲಿ ಸಾವಿನ ಪ್ರಮಾಣ ಅತಿ ಶುಭ್ರವಾದ ಪೋರ್ಟೇಜ್‌ಗಿಂತ ಶೇಕಡ 26ರಷ್ಟು ಹೆಚ್ಚು. ಇಂದು ಪಿಎಂ 2.5 ಎಂಬ ಹೆಸರು ಶಾಲಾ ಮಕ್ಕಳ ಬಾಯಲ್ಲೂ ಇದ್ದರೆ ಅದಕ್ಕೆ ಆ ಅಧ್ಯಯನ ದೊಡ್ಡ ಕಾರಣ. ಮೈಕ್ರಾನಿನ ಲೆಕ್ಕದಲ್ಲಿ ಎರಡೂವರೆಗಿಂತ ಸಣ್ಣ ಕಣಗಳು ಇವು. ನಮ್ಮ ತಲೆಗೂದಲಿನ ದಪ್ಪ ಐವತ್ತು ಎಪ್ಪತ್ತು ಮೈಕ್ರಾನು. ಮೂಗಿನ ಕೂದಲು, ಗಂಟಲಿನ ಕಫ ಯಾವುದಕ್ಕೂ ಸಿಗದೆ ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ.

ಈಗ ಬೆಂಗಳೂರಿಗೆ ಬರೋಣ.

ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಮಾಪನ ಕೇಂದ್ರ ಎಂದರೆ ಎಸಿ ಹಾಕಿದ ಪುಟ್ಟ ಕೋಣೆ, ಅದರ ಛಾವಣಿಯಿಂದ ಎದ್ದ ಒಂದಷ್ಟು ಕೊಳವೆ. ಒಳಗೆ ಸಾಲಾಗಿ ಇಟ್ಟ ಪೆಟ್ಟಿಗೆಗಳಲ್ಲಿ ಒಂದರ ಬಾಗಿಲು ತೆಗೆದರೆ ಬಿಳಿ ಫಿಲ್ಟರ್ ಟೇಪಿನ ಸುರುಳಿ ಕಾಣುತ್ತದೆ. ಯಂತ್ರವು ಹೊರಗಿನ ಗಾಳಿಯನ್ನು ಟೇಪಿನ ಒಂದೇ ಜಾಗದ ಮೂಲಕ ಎಳೆಯುತ್ತದೆ. ಕಣಗಳು ಅಲ್ಲಿ ದುಂಡನೆಯ ಚುಕ್ಕೆಯಾಗಿ ಕೂರುತ್ತವೆ. ಚುಕ್ಕೆಯ ಒಂದು ಬದಿಯಿಂದ ಬೀಟಾ ಕಿರಣ ಹಾಯಿಸಿ, ಆಚೆ ಬದಿಗೆ ಎಷ್ಟು ದಾಟಿತೆಂದು ನೋಡಿ, ಕೂತ ಕಣಗಳ ತೂಕ ಹೇಳುತ್ತದೆ. ಮುಂದಿನ ಗಂಟೆಗೆ ಟೇಪು ಚೂರು ಸರಿಯುತ್ತದೆ, ಹೊಸ ಚುಕ್ಕೆ ಶುರು. ಜನವರಿ ತಿಂಗಳಲ್ಲಿ ಬಳಸಿದ ಟೇಪನ್ನು ಬಿಡಿಸಿ ಮೇಜಿನ ಮೇಲೆ ಹಾಸಿ ನೋಡಿದರೆ ಊರಿನ ದಿನಚರಿಯೇ ಅಲ್ಲಿರುತ್ತದೆ. ಬೆಳಿಗ್ಗೆ ಏಳೆಂಟರ ಚುಕ್ಕೆ ಕಡು ಬೂದಿ ಬಣ್ಣ. ಹತ್ತು ಹನ್ನೊಂದರ ಹೊತ್ತಿಗೆ ತಿಳಿಯಾಗುತ್ತ ಹೋಗಿ, ಮಧ್ಯಾಹ್ನ ಮೂರು ನಾಲ್ಕರದು ಹುಡುಕಿ ನೋಡುವಷ್ಟು ಮಸುಕು. ಕತ್ತಲಾದ ಮೇಲೆ ಮತ್ತೆ ಕಪ್ಪೇರುತ್ತದೆ. ರಾತ್ರಿ ಒಂಬತ್ತು, ಹತ್ತರ ಚುಕ್ಕೆಯ ಪಕ್ಕ ಮಧ್ಯಾಹ್ನದ್ದನ್ನು ಇಟ್ಟರೆ ಎರಡೂ ಒಂದೇ ಊರಿನವು ಎಂದು ನಂಬುವುದು ಕಷ್ಟ.

ಮಧ್ಯಾಹ್ನ ಮೂರಕ್ಕೆ ಬೆಂಗಳೂರಿನಲ್ಲಿ ವಾಹನ ಕಡಿಮೆಯೇ? ಒಂದು ಕೋಟಿಗೂ ಮೀರಿ ವಾಹನ ನೋಂದಣಿಯಾದ ಊರಿದು. ಇಲ್ಲಿ ಯಾವ ಹೊತ್ತಿಗೂ ರಸ್ತೆ ಖಾಲಿ ಎಂಬುದಿಲ್ಲ. ಗುಟ್ಟು ರಸ್ತೆಯಲ್ಲಿಲ್ಲ, ತಲೆಯ ಮೇಲಿದೆ. ನಾವೆಲ್ಲ ಒಂದೇ ಕೋಣೆಯಲ್ಲಿದ್ದೇವೆ, ಅದರ ಸೂರು ಹೊತ್ತುಹೊತ್ತಿಗೆ ಏರಿಳಿಯುತ್ತದೆ ಎಂದುಕೊಳ್ಳಿ. ಬಿಸಿಲಿಗೆ ನೆಲ ಕಾದಾಗ ನೆಲದ ಗಾಳಿ ಮೇಲೇಳುತ್ತದೆ, ಮೇಲಿನದು ಕೆಳಗಿಳಿಯುತ್ತದೆ. ಹೀಗೆ ಕಲಸಿಹೋಗುವ ಪದರದ ಎತ್ತರ ಮಧ್ಯಾಹ್ನದ ಹೊತ್ತಿಗೆ ಒಂದೂವರೆ, ಎರಡು ಕಿಲೋಮೀಟರ್ ಮುಟ್ಟಬಲ್ಲದು. ಹೊತ್ತು ಮುಳುಗಿದ ಮೇಲೆ ನೆಲ ಬೇಗ ತಣ್ಣಗಾಗುತ್ತದೆ, ಅದನ್ನು ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗಿ ಅಲ್ಲೇ ಕೂರುತ್ತದೆ, ಮೇಲಿನ ಗಾಳಿ ಬೆಚ್ಚಗೆ ಉಳಿಯುತ್ತದೆ. ಆಗ ಸೂರು ನೂರಿನ್ನೂರು ಮೀಟರಿಗೆ ಇಳಿದುಬಿಡುತ್ತದೆ. ಹೊಗೆ ಅಷ್ಟೇ ಇದ್ದರೂ ಅದು ಹರಡಿಕೊಳ್ಳುವ ಜಾಗ ಹತ್ತರಲ್ಲಿ ಒಂದು ಪಾಲಾಯಿತು. ಬೆಳಗಿನ ಏಳೆಂಟಕ್ಕೆ ಸೂರು ಇನ್ನೂ ಏರಿರುವುದಿಲ್ಲ, ಆದರೆ ಶಾಲಾ ಬಸ್ಸು, ಆಫೀಸಿನ ಸ್ಕೂಟರು, ಹಾಲಿನ ಟೆಂಪೊ ಎಲ್ಲ ಹೊರಬಿದ್ದಿರುತ್ತವೆ. ಅದಕ್ಕೇ ಆ ಚುಕ್ಕೆಗೆ ಆ ಬಣ್ಣ.

ಬೆಳಗಿನ ಗಾಳಿ ಆರೋಗ್ಯಕ್ಕೆ ಒಳ್ಳೆಯದು ಎಂದು ನಮ್ಮ ಹಿರಿಯರು ಹೇಳಿದ್ದು ಹಳ್ಳಿಯ ಗಾಳಿಯ ಬಗ್ಗೆ ಸರಿ. ಜನವರಿಯ ಬೆಂಗಳೂರಿನಲ್ಲಿ ಸ್ವೆಟರು, ಮಂಕಿ ಟೋಪಿ ಹಾಕಿ ಮುಖ್ಯರಸ್ತೆ ಪಕ್ಕದ ಪಾರ್ಕಿನಲ್ಲಿ ಏಳು ಗಂಟೆಗೆ ಬಿರಬಿರನೆ ನಡೆಯುವ ಹಿರಿಯರು, ದಿನದ ಅತಿ ಕೆಟ್ಟ ಗಾಳಿಯನ್ನು ಅತಿ ಆಳವಾಗಿ ಎಳೆದುಕೊಳ್ಳುತ್ತಿರುತ್ತಾರೆ. ವಾಕಿಂಗ್ ಬಿಡಿ ಎಂದು ನಾನು ಹೇಳುತ್ತಿಲ್ಲ, ನಡೆಯದೆ ಕೂತರೆ ಆಗುವ ಕೇಡು ಬೇರೆ. ಚಳಿಗಾಲದ ಎರಡು ತಿಂಗಳು ನಡಿಗೆಯನ್ನು ನಾಲ್ಕರ ಮೇಲಿನ ಹೊತ್ತಿಗೆ ಬದಲಾಯಿಸಿಕೊಂಡರೆ ಖರ್ಚಿಲ್ಲದ ಲಾಭ. ನಿವೃತ್ತರಿಗೆ ಇದು ಸಾಧ್ಯ. ಎಂಟಕ್ಕೆ ಪ್ರಾರ್ಥನೆಗೆ ನಿಲ್ಲಬೇಕಾದ ಮಕ್ಕಳಿಗೆ?

ಅದೇ ಹೊತ್ತಿನ ಇನ್ನೊಂದು ಹೊಗೆಯನ್ನು ಹತ್ತಿರದಿಂದ ನೋಡಿ. ಫೆಬ್ರವರಿ ಬಂತೆಂದರೆ ಬಡಾವಣೆಯ ಹೊಂಗೆಮರಗಳು ಎಲೆ ಉದುರಿಸುತ್ತವೆ. ಪೌರಕಾರ್ಮಿಕರು ಆರಕ್ಕೇ ಬಂದು ಗುಡಿಸಿ ತಿರುವಿನಲ್ಲಿ ರಾಶಿ ಹಾಕುತ್ತಾರೆ. ಆ ರಾಶಿ ಎತ್ತಲು ಗಾಡಿ ಬರುವುದು ಯಾವಾಗಲೋ. ಯಾರೋ ಕಡ್ಡಿ ಗೀರುತ್ತಾರೆ. ಎಲೆಯೊಂದಿಗೆ ಹಾಲಿನ ಪ್ಯಾಕೆಟ್ಟು, ಪಾರ್ಸಲ್ ಕವರು, ಯಾರದೋ ಹಳೇ ಚಪ್ಪಲಿ. ಇಬ್ಬನಿಗೆ ನೆನೆದ ಎಲೆ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಆ ಹೊಗೆ ಮೇಲೇರದೆ ಸೊಂಟದೆತ್ತರದಲ್ಲಿ ಹಾಸಿಕೊಂಡು ಅಡ್ಡರಸ್ತೆಯ ಉದ್ದಕ್ಕೂ ಹೋಗುತ್ತದೆ, ಮೂರನೇ ಮಹಡಿಯವರಿಗೆ ಗೊತ್ತೇ ಆಗುವುದಿಲ್ಲ. ರಾಶಿಯ ಪಕ್ಕ ನಿಂತು ಕಸ ಬೇರ್ಪಡಿಸುವ ಹೆಂಗಸಿನ ಮುಖದ ಮಟ್ಟದಲ್ಲಿ ಆಗ ಇರುವ ಗಾಳಿ ಯಾವ ಕೇಂದ್ರದ ಟೇಪಿನ ಮೇಲೂ ಚುಕ್ಕೆಯಾಗುವುದಿಲ್ಲ.

ಗಂಟೆಯ ಮೇಲೆ ಋತು. ಜೂನ್, ಜುಲೈನಲ್ಲಿ ನೈಋತ್ಯದ ಗಾಳಿ ಬೀಸಿ ಊರನ್ನು ಗುಡಿಸಿಬಿಡುತ್ತದೆ. ವರ್ಷದಲ್ಲೇ ಕಡಿಮೆ ಅಂಕಿ ಆಗ. ಮಳೆ ತೊಳೆಯಿತು ಎನ್ನುತ್ತೇವೆ. ಮಳೆ ತೊಳೆಯುವುದು ಹೆಚ್ಚಾಗಿ ದಪ್ಪ ದೂಳನ್ನು, ರಸ್ತೆಯ ಮಣ್ಣನ್ನು. ಅತಿ ಸಣ್ಣ ಕಣಗಳು ಹನಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ; ಅವನ್ನು ಸಾಗಿಸುವುದು ಮುಖ್ಯವಾಗಿ ಗಾಳಿಯ ವೇಗ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಗಾಳಿಗೆ ಆ ಬಿರುಸಿಲ್ಲ, ಸೂರೂ ತಗ್ಗು, ರಸ್ತೆಯೂ ಒಣಗಿರುತ್ತದೆ.

ದಿಲ್ಲಿಯ ಮಾತು ಇಲ್ಲಿ ಬರಲೇಬೇಕು, ಏಕೆಂದರೆ ಬೆಂಗಳೂರಿಗರ ಸಮಾಧಾನವೆಲ್ಲ ನಿಂತಿರುವುದು ದಿಲ್ಲಿಯ ಮೇಲೆ. ಉತ್ತರಕ್ಕೆ ಹಿಮಾಲಯದ ಗೋಡೆ, ಸುತ್ತ ತಗ್ಗಿನ ಬಯಲು, ನವೆಂಬರಿನಲ್ಲಿ ಪಂಜಾಬ್ ಹರಿಯಾಣದ ಭತ್ತದ ಕೂಳೆಗೆ ಹಚ್ಚಿದ ಬೆಂಕಿ, ಅದೇ ಹೊತ್ತಿಗೆ ನಿಂತುಹೋಗುವ ಗಾಳಿ. ಅಲ್ಲಿ ಪಿಎಂ 2.5ರ ವರ್ಷದ ಸರಾಸರಿ ಘನ ಮೀಟರಿಗೆ ನೂರು ಮೈಕ್ರೋಗ್ರಾಂ ಆಸುಪಾಸು. ನಮ್ಮದು ಮೂವತ್ತರ ಆಸುಪಾಸು. ದೇಶದ ಮಿತಿ 40, 2009ರಲ್ಲಿ ಹಾಕಿದ್ದು. ಹಾಗಾಗಿ ನಾವು ಪಾಸು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು 10ರಿಂದ 5ಕ್ಕೆ ಇಳಿಸಿತು. ಆ ಲೆಕ್ಕದಲ್ಲಿ ನಾವು ಸುಮಾರು ಆರು ಪಟ್ಟು ಮೇಲೆ. ಒಂಬೈನೂರು ಮೀಟರ್ ಎತ್ತರದ ಪ್ರಸ್ಥಭೂಮಿ, ಎರಡು ಮಳೆಗಾಲ, ಬೀಸುವ ಗಾಳಿ, ಇಷ್ಟೆಲ್ಲ ಪ್ರಕೃತಿಯ ಕೃಪೆ ಇಟ್ಟುಕೊಂಡು ನಾವು ಮೂವತ್ತು ಮುಟ್ಟಿದ್ದೇವೆ ಎಂಬುದೇ ನನಗೆ ನಾಚಿಕೆಯ ಸಂಗತಿ. ದಿಲ್ಲಿಯ ನೆಲದಲ್ಲಿ ಬೆಂಗಳೂರನ್ನು ಇಟ್ಟಿದ್ದರೆ ನಮ್ಮ ಅಂಕಿ ಏನಿರುತ್ತಿತ್ತು ಎಂದು ಯೋಚಿಸಿ.

ಇನ್ನು ಜಾಗ. ಇದರಲ್ಲಿ ಮೊದಲು ತಿಳಿಯಬೇಕಾದ್ದು, ಎಲ್ಲ ಮಾಲಿನ್ಯದ ಭೂಗೋಳವೂ ಒಂದೇ ಅಲ್ಲ. ಪಿಎಂ 2.5 ದಿನಗಟ್ಟಲೆ ತೇಲಬಲ್ಲದು, ಊರೂರು ದಾಟಬಲ್ಲದು. ಹಾಗಾಗಿ ಅದರ ದೊಡ್ಡ ಪಾಲು ಊರೆಲ್ಲ ಹೆಚ್ಚುಕಡಿಮೆ ಸಮನಾಗಿ ಹರಡಿರುತ್ತದೆ. ಹೊಗೆಕೊಳವೆಯಿಂದ ಆಗಷ್ಟೇ ಹೊರಬಿದ್ದ ಮಸಿ, ನೈಟ್ರೋಜನ್ ಡೈಆಕ್ಸೈಡ್, ಅತಿಸೂಕ್ಷ್ಮ ಕಣಗಳ ಕಥೆ ಬೇರೆ. ಅವು ರಸ್ತೆಗೆ ಅಂಟಿಕೊಂಡಿರುತ್ತವೆ. 2002ರಲ್ಲಿ ಲಾಸ್ ಏಂಜಲೀಸ್‌ನ 405ನೇ ಹೆದ್ದಾರಿಯಿಂದ ಗಾಳಿ ಬೀಸುವ ಕಡೆಗೆ 30, 60, 90 ಮೀಟರ್ ಹೀಗೆ ದೂರ ಸರಿಯುತ್ತ ಅಳೆದವರು, 300 ಮೀಟರ್ ಮುಟ್ಟುವಷ್ಟರಲ್ಲಿ ಅತಿಸೂಕ್ಷ್ಮ ಕಣಗಳ ಎಣಿಕೆ ಊರಿನ ಸಾಮಾನ್ಯ ಮಟ್ಟಕ್ಕೆ ಇಳಿದದ್ದನ್ನು ಕಂಡರು. ಮುನ್ನೂರು ಮೀಟರ್ ಎಂದರೆ ನಮ್ಮ ಹಳೆ ಬಡಾವಣೆಗಳಲ್ಲಿ ನಾಲ್ಕೈದು ಅಡ್ಡರಸ್ತೆ. ಹೊಸೂರು ರಸ್ತೆಗೆ ಮುಖ ಮಾಡಿದ ಮನೆಗೂ ನಾಲ್ಕನೇ ಕ್ರಾಸಿನ ಮನೆಗೂ ಪಿನ್‌ಕೋಡ್ ಒಂದೇ, ಬಾಡಿಗೆ ಬೇರೆ, ಗಾಳಿಯೂ ಬೇರೆ.

ಇದನ್ನು ಇನ್ನೂ ಸಣ್ಣದಾಗಿ ಬಿಡಿಸಿ ತೋರಿಸಿದ್ದು ಕ್ಯಾಲಿಫೋರ್ನಿಯದ ಓಕ್‌ಲ್ಯಾಂಡ್‌ನಲ್ಲಿ. ಗೂಗಲ್‌ನ ಬೀದಿಚಿತ್ರ ತೆಗೆಯುವ ಎರಡು ಕಾರುಗಳಿಗೆ ಉಪಕರಣ ಕಟ್ಟಿ ಒಂದು ವರ್ಷ ಅದೇ ಬೀದಿಗಳಲ್ಲಿ ಮತ್ತೆ ಮತ್ತೆ ಓಡಿಸಿದರು. ಜೋಶುವಾ ಆಪ್ಟೆ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ನಕ್ಷೆಯಲ್ಲಿ, ಮೂವತ್ತು ಮೀಟರಿಗೊಂದು ಅಂಕಿ. ಒಂದೇ ಬ್ಲಾಕಿನ ಒಂದು ತುದಿಗೂ ಇನ್ನೊಂದಕ್ಕೂ ಐದರಿಂದ ಎಂಟು ಪಟ್ಟು ವ್ಯತ್ಯಾಸ ಕಂಡ ಕಡೆಗಳಿದ್ದವು. ಅದು ಒಂದು ದಿನದ ಆಕಸ್ಮಿಕ ಆಗಿರಲಿಲ್ಲ, ವರ್ಷವಿಡೀ ಅದೇ ಜಾಗಗಳಲ್ಲಿ ಅದೇ ಹೊಗೆ. ಸಿಗ್ನಲ್ ಮುಂದೆ ನಿಂತು ಮತ್ತೆ ವೇಗ ಹಿಡಿಯುವ ಲಾರಿ, ಗ್ಯಾರೇಜು, ಹೋಟೆಲಿನ ಒಲೆ. ಬೆಂಗಳೂರಿನಲ್ಲೂ ಮಲ್ಲೇಶ್ವರದಂಥ ಕಡೆ ಇದೇ ರೀತಿ ಕಾರಿಗೆ ಉಪಕರಣ ಕಟ್ಟಿ ಬೀದಿಬೀದಿ ಅಳೆದಿದ್ದಾರೆ. ಇದೇ ಆಪ್ಟೆ ಅದಕ್ಕೂ ಮೊದಲು ದಿಲ್ಲಿಯ ಆಟೋದಲ್ಲಿ ಉಪಕರಣ ಇಟ್ಟುಕೊಂಡು ತಿರುಗಿ 2011ರಲ್ಲಿ ಬರೆದದ್ದು ನಮಗೆ ಇನ್ನೂ ಹತ್ತಿರದ್ದು: ಆಟೋದ ಒಳಗಿನ ಪಿಎಂ 2.5 ಊರಿನ ಹಿನ್ನೆಲೆ ಮಟ್ಟದ ಸುಮಾರು ಒಂದೂವರೆ ಪಟ್ಟು ಇದ್ದರೆ, ಮಸಿ ಮೂರೂವರೆ ಪಟ್ಟು ಮೀರಿತ್ತು, ಅತಿಸೂಕ್ಷ್ಮ ಕಣಗಳ ಎಣಿಕೆ ಎಂಟು ಪಟ್ಟು ಮೀರಿತ್ತು. ಪಿಎಂ 2.5 ಒಂದನ್ನೇ ನೋಡಿದ್ದರೆ ಆಟೋ ಚಾಲಕನ ಪಾಡು ಅರ್ಧಕ್ಕರ್ಧ ಮುಚ್ಚಿಹೋಗುತ್ತಿತ್ತು.

ಓಝೋನ್ ಇವೆಲ್ಲಕ್ಕೂ ವಿರುದ್ಧ ಸ್ವಭಾವದ್ದು. ಅದನ್ನು ಯಾರ ಹೊಗೆಕೊಳವೆಯೂ ಬಿಡುವುದಿಲ್ಲ. ನೈಟ್ರೋಜನ್ ಆಕ್ಸೈಡು ಮತ್ತು ಪೆಟ್ರೋಲಿನಂಥ ಆವಿಗಳು ಬಿಸಿಲಿನಲ್ಲಿ ಕೂಡಿದಾಗ ಅದು ಹುಟ್ಟುತ್ತದೆ. ಹೊಸ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಓಝೋನನ್ನು ತಿಂದುಹಾಕುತ್ತದೆ. ಹಾಗಾಗಿ ಜಂಕ್ಷನ್ನಿನಲ್ಲಿ ಕಡಿಮೆ, ಗಾಳಿ ಸಾಗಿದ ಕಡೆಯ ಹೊರವಲಯದ ಹಸಿರಿನಲ್ಲಿ ಹೆಚ್ಚು. ಬೆಳಿಗ್ಗೆ ಕಡಿಮೆ, ಮಧ್ಯಾಹ್ನ ಹೆಚ್ಚು. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆದಾಗ ಲೋಕದ ಹಲವು ನಗರಗಳಲ್ಲಿ ನೈಟ್ರೋಜನ್ ಡೈಆಕ್ಸೈಡ್ ದಬಕ್ಕನೆ ಇಳಿಯಿತು, ಓಝೋನ್ ಏರಿತು. ಎವೆಲಿನ್‌ಗೆ ಸಿಕ್ಕಂಥ ಮುತ್ತಿಗೆ ನಮಗೂ ಒಂದು ಸಿಕ್ಕಿತ್ತು. ವಾಹನ ನಿಂತರೆ ಏನಾಗುತ್ತದೆ ಎಂದು ಕಣ್ಣಾರೆ ಕಂಡೆವು. ನಂದಿಬೆಟ್ಟ ಕಾಣಿಸಿತು ಎಂದು ಫೋಟೋ ಹಂಚಿಕೊಂಡೆವು, ಅಲ್ಲಿಗೆ ಮುಗಿಯಿತು.

ಅಳೆಯುವ ಬಗ್ಗೆ ಎರಡು ಮಾತು. ಪೀಣ್ಯ, ಬಿಟಿಎಂ ಬಡಾವಣೆ, ಹೆಬ್ಬಾಳ, ಜಯನಗರ ಐದನೇ ಬ್ಲಾಕ್, ನಿಮ್ಹಾನ್ಸ್, ಸಿಲ್ಕ್ ಬೋರ್ಡ್, ಹೊಂಬೇಗೌಡ ನಗರ, ಬಾಪೂಜಿ ನಗರ, ಸಿಟಿ ರೈಲು ನಿಲ್ದಾಣ: ನಿರಂತರ ಕೇಂದ್ರಗಳ ಪಟ್ಟಿ ಹೀಗೆ ಹೋಗುತ್ತದೆ. ಒಂದು ಕೋಟಿಗೂ ಹೆಚ್ಚು ಜನರ ಊರಿಗೆ ಇವು ಬೆರಳೆಣಿಕೆ. ಹಳೆಯ ಪದ್ಧತಿಯ ಕೈಮಾಪನ ಕೇಂದ್ರಗಳು ವಾರಕ್ಕೆ ಎರಡು ದಿನದಂತೆ ವರ್ಷಕ್ಕೆ 104 ದಿನ ಅಳೆದರೆ ಸಾಕು ಎಂಬುದು ನಿಯಮ. ಉಳಿದ ದಿನಗಳ ಗಾಳಿಯ ಕಥೆಯನ್ನು ನಾವು ಊಹಿಸಿಕೊಳ್ಳಬೇಕು. ಕೊಳವೆಯ ಬಾಯಿ ಸಾಮಾನ್ಯವಾಗಿ ನೆಲದಿಂದ ಮೂರು ಮೀಟರಿಗಿಂತ ಮೇಲೆ. ಒಂದನೇ ತರಗತಿ ಮಗುವಿನ ಮೂಗು ಒಂದು ಮೀಟರಿನಲ್ಲಿ, ಬಸ್ಸಿನ ಸೈಲೆನ್ಸರ್ ಅದಕ್ಕೂ ಕೆಳಗೆ.

ಕೇಂದ್ರ ಸಾಲದಿದ್ದರೆ ಉಪಗ್ರಹವಿದೆಯಲ್ಲ ಎನ್ನುತ್ತಾರೆ. 2017ರಲ್ಲಿ ಯುರೋಪಿನವರು ಹಾರಿಸಿದ ಸೆಂಟಿನೆಲ್-5ಪಿ ನೈಟ್ರೋಜನ್ ಡೈಆಕ್ಸೈಡನ್ನು ಅಂದವಾಗಿ ಕಾಣಿಸುತ್ತದೆ, ನಿಜ. ಅದು ನಮ್ಮ ತಲೆಯ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆಯ ಸುಮಾರಿಗೆ, ಸೂರು ಏರಿ ಗಾಳಿ ತಿಳಿಯಾಗುವ ಹೊತ್ತಿಗೆ. ರಾತ್ರಿ ಹತ್ತರ ಬೆಂಗಳೂರನ್ನು ಅದು ನೋಡಿಯೇ ಇಲ್ಲ. ಕೆಲವೇ ಸಾವಿರಕ್ಕೆ ಸಿಗುವ ಪುಟ್ಟ ಸೆನ್ಸರುಗಳು ಬಂದಿವೆ. ಅವು ಬೆಳಕು ಚದುರುವುದನ್ನು ನೋಡಿ ಕಣದ ಲೆಕ್ಕ ಹೇಳುವುದರಿಂದ ಮಂಜಿನಲ್ಲಿ ನೀರು ಕುಡಿದು ಉಬ್ಬಿದ ಕಣಕ್ಕೂ ಹೆಚ್ಚು ತೂಕ ಕಟ್ಟುತ್ತವೆ. ಒಳ್ಳೆಯ ಯಂತ್ರದ ಪಕ್ಕ ಕೆಲವು ವಾರ ಇಟ್ಟು ಸರಿಹೊಂದಿಸಿಕೊಂಡರೆ ಅವುಗಳಿಂದ ಬಹಳ ಉಪಯೋಗವಿದೆ, ಮುಖ್ಯವಾಗಿ ಬೀದಿ ಬೀದಿಗೆ ಹೋಲಿಸಿ ನೋಡಲು.

ಸೂಚ್ಯಂಕದ ಗೊಂದಲವನ್ನು ಬೇಗ ಹೇಳಿ ಮುಗಿಸುತ್ತೇನೆ. 2015ರಿಂದ ಜಾರಿಯಲ್ಲಿರುವ ನಮ್ಮ ಎಕ್ಯೂಐ ಬಹುಮಟ್ಟಿಗೆ ಹಿಂದಿನ 24 ಗಂಟೆಯ ಸರಾಸರಿಯ ಮೇಲೆ ನಿಂತದ್ದು. ದೀಪಾವಳಿಯ ರಾತ್ರಿ ಹತ್ತಕ್ಕೆ ಕಿಟಕಿ ಮುಚ್ಚಿ ಕೆಮ್ಮುವಾಗ ಫೋನಿನ ಅಂಕಿ ಇನ್ನೂ ಮಧ್ಯಾಹ್ನದ ಒಳ್ಳೆಯ ಗಾಳಿಯನ್ನು ಸೇರಿಸಿಕೊಂಡೇ ಮಾತಾಡುತ್ತಿರುತ್ತದೆ. ಪಿಎಂ 2.5 ಅರವತ್ತು ಮೈಕ್ರೋಗ್ರಾಂ ಇದ್ದರೆ ನಮ್ಮ ಸೂಚ್ಯಂಕ 100 ಎಂದು ತೋರಿಸಿ ‘ತೃಪ್ತಿಕರ’ ಎನ್ನುತ್ತದೆ. ಅಮೆರಿಕದ ಸೂತ್ರ ಬಳಸುವ ಆ್ಯಪು ಅದೇ ಗಾಳಿಗೆ 150ರ ಮೇಲೆ ತೋರಿಸಿ ಕೆಂಪು ಬಣ್ಣ ಬಳಿಯುತ್ತದೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಜಗಳ ಹುಟ್ಟಲು ಇಷ್ಟು ಸಾಕು.

ಆರಿಸಿಕೊಂಡ ಅಂಕಿ ಹಣವನ್ನೂ ಎಳೆಯುತ್ತದೆ ಎಂಬುದು ಇದಕ್ಕಿಂತ ಗಂಭೀರ. 2019ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ನಗರಗಳಿಗೆ ಅಂಕ ಕೊಡಲು ಇಟ್ಟುಕೊಂಡದ್ದು ಮುಖ್ಯವಾಗಿ ಪಿಎಂ 10, ಅಂದರೆ ದಪ್ಪ ದೂಳನ್ನೂ ಒಳಗೊಂಡ ಲೆಕ್ಕ. ದಪ್ಪ ದೂಳು ಇಳಿಸಲು ಸುಲಭದ ದಾರಿ ರಸ್ತೆ ಗುಡಿಸುವುದು, ನೀರು ಚಿಮುಕಿಸುವುದು. ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಲೆಕ್ಕ ತೆಗೆದು ನೋಡಿದಾಗ ಖರ್ಚಿನಲ್ಲಿ ಶೇಕಡ 64 ರಸ್ತೆ ದೂಳಿಗೇ ಹೋಗಿತ್ತು. ವಾಹನದ ಹೊಗೆಗೆ ಸುಮಾರು 13, ಕೈಗಾರಿಕೆಗೆ ಶೇಕಡ ಒಂದೂ ಇಲ್ಲ. ಗುಡಿಸುವ ಯಂತ್ರ ಕೊಂಡರೆ ಫೋಟೋ ತೆಗೆಸಿಕೊಳ್ಳಬಹುದು ಎಂಬುದು ನಿಜವೇ. ಆದರೆ ಶ್ವಾಸಕೋಶದ ತಳಕ್ಕೆ ಇಳಿಯುವುದು ಆ ದೂಳಲ್ಲ. ಬೀದಿಯ ಗಾಳಿ ಸೋಸಲೆಂದು ದಿಲ್ಲಿಯ ಕನಾಟ್ ಪ್ಲೇಸಿನಲ್ಲಿ 2021ರಲ್ಲಿ ನಿಲ್ಲಿಸಿದ ಹೊಗೆಗೋಪುರದ ಬಗ್ಗೆ ನಾನು ಮಾತಾಡುವುದಿಲ್ಲ.

ಆ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ. ನಾಲ್ಕಕ್ಕೂ ಒಂದೇ ಮದ್ದು ಅರೆಯುವುದು ತಪ್ಪು. ಹುಬ್ಬಳ್ಳಿಯ ಬೇಸಿಗೆಯಲ್ಲಿ ಏಳುವ ದೂಳೇ ಬೇರೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹೆಸರಿನಲ್ಲೇ ಒಂದು ಬಡಾವಣೆಯಿದೆ. ಅಲ್ಲಿ ಭತ್ತ ಹುರಿಯುವ ಒಲೆಗೆ ಏನು ಹಾಕುತ್ತಾರೆ ಎಂಬುದರ ಮೇಲೆ ಆ ಓಣಿಯ ಗಾಳಿ ನಿಂತಿದೆ. ಊರಿನ ಸರಾಸರಿಯಲ್ಲಿ ಅದು ಕಾಣದೇ ಹೋಗಬಹುದು, ಭಟ್ಟಿಯ ಮುಂದೆ ಕೂತು ಜರಡಿ ಹಿಡಿಯುವವರಿಗೆ ಅದೇ ಎಲ್ಲ. ಮಂಗಳೂರು ಪಟ್ಟಿಯಲ್ಲಿಲ್ಲ. ಅಲ್ಲಿ ಹಗಲು ಕಡಲ ಗಾಳಿ ಒಳಗೆ ಬೀಸಿ, ರಾತ್ರಿ ನೆಲದ ಗಾಳಿ ಹೊರಗೆ ಬೀಸುತ್ತದೆ. ಕೈಗಾರಿಕೆಯ ಯಾವ ಬದಿಗೆ ಮನೆಯಿದೆ ಎಂಬುದಕ್ಕೆ ಹಗಲಿಗೊಂದು ಉತ್ತರ, ರಾತ್ರಿಗೊಂದು.

ಎಲ್ಲವೂ ಕೆಡುತ್ತಲೇ ಬಂದಿದೆ ಎಂದೂ ತಿಳಿಯಬೇಡಿ. ದಶಕಗಳ ಲೆಕ್ಕದಲ್ಲಿ ನೋಡಿದರೆ ಗೆಲುವುಗಳಿವೆ. 2000ದಲ್ಲಿ ಸೀಸ ಬೆರೆತ ಪೆಟ್ರೋಲ್ ದೇಶದಲ್ಲಿ ನಿಂತಿತು. ಎರಡು ಸ್ಟ್ರೋಕಿನ ಆಟೋಗಳ ನೀಲಿ ಹೊಗೆಯ ಹಿಂದೆ ಸ್ಕೂಟರಿನಲ್ಲಿ ನಿಂತ ನೆನಪು ಇಲ್ಲಿ ಹಲವರಿಗಿರಬೇಕು; ಇಂದಿನ ಮಕ್ಕಳಿಗೆ ಆ ವಾಸನೆ ಗೊತ್ತಿಲ್ಲ. 2020ರ ಏಪ್ರಿಲ್‌ನಿಂದ ಬಿಎಸ್-6 ಇಂಧನ ಬಂದು ಡೀಸೆಲಿನ ಗಂಧಕ ಹತ್ತು ಲಕ್ಷದಲ್ಲಿ 50 ಪಾಲಿನಿಂದ 10ಕ್ಕೆ ಇಳಿಯಿತು. ಇವು ಮೂರೂ ಸಾಧ್ಯವಾದದ್ದು ಹೊಗೆಯನ್ನು ಹುಟ್ಟಿದಲ್ಲೇ ಹಿಡಿದದ್ದರಿಂದ. ಆಮೇಲೆ ಗಾಳಿಯಲ್ಲಿ ಹುಡುಕಿ ಹಿಡಿದದ್ದರಿಂದ ಅಲ್ಲ. ಗಳಿಸಿದ್ದರಲ್ಲಿ ಒಂದಷ್ಟನ್ನು ವಾಹನಗಳ ಸಂಖ್ಯೆ ತಿಂದುಹಾಕಿತು.

ಕೊನೆಯದಾಗಿ ಒಂದು ತೊಡಕನ್ನು ಸಭೆಯ ಮುಂದಿಡುತ್ತೇನೆ. ಹಗಲಿನ ದಟ್ಟಣೆ ತಗ್ಗಿಸಲು ಭಾರಿ ಲಾರಿಗಳಿಗೆ ಬೆಂಗಳೂರಿನೊಳಗೆ ಹಗಲು ನಿರ್ಬಂಧ, ರಾತ್ರಿ ಪ್ರವೇಶ. ಸಂಚಾರದ ದೃಷ್ಟಿಯಿಂದ ಇದು ವಿವೇಕದ ನಿಯಮ. ಗಾಳಿಯ ದೃಷ್ಟಿಯಿಂದ, ಅತಿ ಹೆಚ್ಚು ಮಸಿ ಉಗುಳುವ ಗಾಡಿಗಳನ್ನು ಸೂರು ಅತಿ ತಗ್ಗಾದ ಹೊತ್ತಿಗೆ ಊರೊಳಗೆ ಬಿಟ್ಟುಕೊಳ್ಳುತ್ತಿದ್ದೇವೆ. ನೀವು ನಾವು ಕಿಟಕಿ ಮುಚ್ಚಿ ಮಲಗಿರುತ್ತೇವೆ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಆಗ ಕೆಲಸದ ಹೊತ್ತು. ಲಾರಿಗಳು ಹಿಮ್ಮುಖವಾಗಿ ಮಂಡಿಗಳ ಬಾಗಿಲಿಗೆ ಒರಗುತ್ತವೆ, ಇಂಜಿನ್ ಆರಿಸುವ ಗೊಡವೆಗೆ ಯಾರೂ ಹೋಗುವುದಿಲ್ಲ. ಈರುಳ್ಳಿ, ಆಲೂಗಡ್ಡೆಯ ಮೂಟೆ ಬೆನ್ನಿಗೇರಿಸಿಕೊಂಡು ಹಮಾಲರು ಆ ಸೈಲೆನ್ಸರುಗಳ ನಡುವೆಯೇ ಓಡಾಡುತ್ತಾರೆ. ಮೂಟೆ ಹೊತ್ತವನ ಉಸಿರು ಕುರ್ಚಿಯಲ್ಲಿ ಕೂತವನ ಉಸಿರಿಗಿಂತ ಹಲವು ಪಟ್ಟು.

ಲಾರಿಗಳನ್ನು ಹಗಲಿಗೆ ತಂದರೆ ಶಾಲೆಯ ಮಕ್ಕಳ ಹೊತ್ತಿಗೆ ಅಡ್ಡ ಬರುತ್ತವೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಒಂದಷ್ಟನ್ನು ಬಿಟ್ಟು ನೋಡಬಹುದು ಎಂಬುದು ನನ್ನ ಅಭಿಪ್ರಾಯ. ಸಂಚಾರ ಪೊಲೀಸರು ಒಪ್ಪಲಿಕ್ಕಿಲ್ಲ. ಇಂಜಿನ್ ಆರಿಸಿ ನಿಲ್ಲಿಸಬೇಕೆಂಬ ನಿಯಮವನ್ನು ಯಾರ್ಡಿನ ಗೇಟಿನಲ್ಲೇ ಜಾರಿಗೆ ತರಬಹುದು, ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ನಾನು ಆಗಲೇ ಓದಿದ ಕೇಂದ್ರಗಳ ಹೆಸರಿನಲ್ಲಿ ಆಸ್ಪತ್ರೆಯಿದೆ, ಬಡಾವಣೆಯಿದೆ, ರೈಲು ನಿಲ್ದಾಣವಿದೆ. ರಾತ್ರಿ ದುಡಿಯುವ ಒಂದು ಸಗಟು ಮಾರುಕಟ್ಟೆ ಇಲ್ಲ. ಮುಂದಿನ ಕೇಂದ್ರವನ್ನು ಎಲ್ಲಿ ಇಡಬೇಕೆಂದು ಮಂಡಳಿಯವರು ಕೇಳಿದರೆ ನಾನು ಆ ಯಾರ್ಡಿನ ಈರುಳ್ಳಿ ಮಂಡಿಯ ಸಾಲನ್ನು ತೋರಿಸುತ್ತೇನೆ, ಕೊಳವೆಯ ಬಾಯಿಯನ್ನು ಹಮಾಲರ ಭುಜದ ಎತ್ತರಕ್ಕೆ ಇಡಿ ಎಂದು ಕೇಳಿಕೊಳ್ಳುತ್ತೇನೆ, ಮತ್ತು ಮೊದಲ ವರ್ಷ ಅದರ ಸರಾಸರಿಯನ್ನು ಪ್ರಕಟಿಸದೆ ಗಂಟೆ ಗಂಟೆಯ ಲೆಕ್ಕವನ್ನು ಯಾರ್ಡಿನ ಗೋಡೆಯ ಮೇಲೆ ಅಂಟಿಸಿ ಎನ್ನುತ್ತೇನೆ.